ಹಗೇವಿಗಿಳಿದ ಗಾಯಕ

ಈ ಭೂಮಂಡಲದಲ್ಲಿ ದುಃಖದ ಹಾಡನ್ನು ಹಾಡಬೇಕಾದ ಹಾಗೆ ಹಾಡಬಲ್ಲವನು ನಾನೊಬ್ಬನೇ ಎಂದು ಆ ಭಾನುವಾರ ಮೊದಲ ಚಹಾ ಮುಗಿಯುವ ಮುನ್ನವೇ ತೀರ್ಮಾನಿಸಿಬಿಟ್ಟೆ!

ಕಾರಣವಿತ್ತು. ಗಜೇಂದ್ರಗಡದ ಅಕ್ಬರಸಾಬರ ಆರ್ಕೆಸ್ಟ್ರಾಕ್ಕೆ ಹಳೆಯ ಸಿನಿಮಾದ ದುಃಖದ ಹಾಡು ಹಾಡುವವರು ಬೇಕಾಗಿದ್ದರು. 'ನಿಮಗ ಸೇರಿದ ಒಂದು ಹಾಡು ಮನ್ಯಾಗ ರೆಕಾರ್ಡ್ ಮಾಡಿ, ರವಿವಾರ ಸಂಜಿ ಐದರೊಳಗ ಕಳಸ್ರಿ' ಎಂದು ವಾಟ್ಸಾಪಿನಲ್ಲಿ ಬಂದಿತ್ತು. ನರೇಗಲ್ಲಿನ ಹೈಸ್ಕೂಲಿನಲ್ಲಿ ಗುಮಾಸ್ತನಾಗಿ ಇಪ್ಪತ್ತೇಳು ವರ್ಷ ಕಡತ ತಿರುವಿದವನು ನಾನು. ಸಾಯುವುದರೊಳಗೆ ಒಮ್ಮೆ, ಒಂದೇ ಒಂದು ಸಲ, ಬಣ್ಣದ ದೀಪದ ಕೆಳಗೆ ನಿಲ್ಲಬೇಕೆಂಬ ಆಸೆ.

ನನ್ನ ಸ್ಟುಡಿಯೋದ ಸಾಮಗ್ರಿ ಕೇಳಿ: ರೆಕಾರ್ಡಿಂಗಿಗೆ ನನ್ನ ಫೋನು, ಹಿನ್ನೆಲೆ ಸಂಗೀತಕ್ಕೆ ಹೆಂಡತಿ ನೇತ್ರಾಳ ಫೋನು, ಕಿವಿಗೆ ಟೇಪು ಸುತ್ತಿದ ಇಯರ್‌ಫೋನು, ಮೈಕಿನ ಸ್ಟ್ಯಾಂಡಿಗೆ ಮಜ್ಜಿಗೆಯ ಕಡಗೋಲು. ಪಲ್ಲವಿ ಎತ್ತಿದೆ, ಕುಕ್ಕರು ಕೂಗಿತು. ಮತ್ತೆ ಎತ್ತಿದೆ, ಮಿಕ್ಸರು ಗುರುಗುಟ್ಟಿತು. ಮೂರನೇ ಸಲ ಇಬ್ಬರೂ ಸುಮ್ಮನಿದ್ದರು, ಹಿತ್ತಲಿನ ಎಮ್ಮೆ ಒದರಿತು. ಹೀಗೇ ಮಧ್ಯಾಹ್ನ ದಾಟಿತು.

"ಈ ಮನ್ಯಾಗ ಕಲಾವಿದಗ ಬೆಲಿನ ಇಲ್ಲ!" ಎಂದೆ.

"ಎಮ್ಮಿ ಪಾಪ, ನೀವು ಕರದ್ರಿ ಅಂತ ಓ ಅಂದೈತಿ" ಎಂದಳು ನೇತ್ರಾ.

ಆಗ ಹೊಳೆಯಿತು ಹಗೇವು! ನಮ್ಮ ಅಂಗಳದಲ್ಲಿ ಅಜ್ಜನ ಕಾಲದ್ದೊಂದಿದೆ. ಜೋಳ ತುಂಬಿಡಲು ನೆಲದೊಳಗೆ ತೋಡಿದ, ಎರಡಾಳು ಆಳದ ಕುಳಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ನನ್ನವು ಎರಡೂ ದೊಡ್ಡವು ಎಂದು ನೇತ್ರಾಳ ದೂರು. ಈಗ ಅದರಲ್ಲಿ ಕಾಳಿಲ್ಲ. ದುರಸ್ತಿಗೆಂದು ವಾರದಿಂದ ಬಾಯಿ ತೆರೆದೇ ಇತ್ತು. ಆದರೂ ಹಿರಿಯರ ಪದ್ಧತಿಯಂತೆ ಮೊದಲು ದೀಪ ಇಳಿಬಿಟ್ಟು ನೋಡಿದೆ. ಆರಲಿಲ್ಲ. ಅಂದರೆ ಗಾಳಿ ಚಲೋ ಇದೆ.

"ದೀಪ ಆರಲಿಲ್ಲ ನೋಡು!"

"ಅದರ ಮುಂದ ನೀವಿನ್ನೂ ಹಾಡಿಲ್ಲಲ್ಲ" ಎಂದು ನೇತ್ರಾ ಬಜಾರಿನ ದಾರಿ ಹಿಡಿದಳು.

ಪಕ್ಕದ ಮನೆಯ ಮಲ್ಲೇಶಪ್ಪನ ನಿಚ್ಚಣಿಕೆ ತಂದು, ಹೆಗಲಿಗೊಂದು ಕೌದಿ ಹೊದ್ದು, ಪಾತಾಳಕ್ಕಿಳಿದೆ. ಕುಳಿತು "ಆ..." ಎಂದೆ.

ಏನು ಹೇಳಲಿ! ಆ ಕತ್ತಲೆಯ ಹೊಟ್ಟೆ ನನ್ನ ಧ್ವನಿಯನ್ನು ಒಂದು ಸುತ್ತು ಸುತ್ತಿಸಿ, ಹಳೆ ಜೋಳದ ವಾಸನೆ ಸವರಿ, ಹತ್ತು ಪಟ್ಟು ಮಾಡಿ ಮರಳಿ ಕೊಟ್ಟಿತು. ನನ್ನ ಮೈಮೇಲೆ ನನ್ನದೇ ಧ್ವನಿಗೆ ಮುಳ್ಳೆದ್ದವು! ನನಗೆ ನಾನೇ ಕೈಮುಗಿದೆ. ರೆಕಾರ್ಡಿಂಗ್ ಒತ್ತಿ, ಇಯರ್‌ಫೋನು ಸಿಕ್ಕಿಸಿ, ಕಣ್ಣು ಮುಚ್ಚಿ ದುಃಖಸಾಗರಕ್ಕೆ ಧುಮುಕಿದೆ.

ಮೇಲೆ ನಡೆದದ್ದು ನನಗೆ ಗೊತ್ತಾದದ್ದು ಆಮೇಲೆ. ಮಲ್ಲೇಶಪ್ಪನಿಗೆ ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ತೆಗೆಯುವುದಿತ್ತು. ಕಿವಿ ಮಂದವಾದ ಆ ಪುಣ್ಯಾತ್ಮ ತನ್ನ ನಿಚ್ಚಣಿಕೆ ಎಳೆದುಕೊಂಡು ಹೋದ. ಬಳಿಕ ಎದುರು ಮನೆಯ ಮುದುಕಿ ರೇಣವ್ವ ಹಾದುಹೋದಳು. ಅವಳ ಕಿವಿ ಮಾತ್ರ ಚುರುಕು.

"ಯವ್ವಾ! ಹಗೇವಿನಾಗ ಯಾರೋ ಬಿದ್ದಾರ! ನಳ್ಳಾಕತ್ತಾರ!"

ಓಣಿಯ ಗಂಡಸರೆಲ್ಲ ಕಡಲೆ ಕೀಳಲು ಹೊಲಕ್ಕೆ ಹೋಗಿದ್ದರು. ಹೆಂಗಸರು ನೆರೆದರು. ಬಜಾರಿನಿಂದ ಬಂದ ನೇತ್ರಾ ಇಣುಕಿದಳು. ನಿಚ್ಚಣಿಕೆ ಇಲ್ಲ, ಒಳಗೆ ಗಂಡನ ನರಳಾಟ! "ಏನ್ರೀ! ಏನ್ರೀ!" ಎಂದು ಕೂಗಿದಳು. ನಾನು ಎರಡನೇ ಚರಣದಲ್ಲಿದ್ದೆ. ರೇಣವ್ವನ ಫೋನಿನಿಂದ ಅಗ್ನಿಶಾಮಕದವರಿಗೆ ಕರೆ ಹೋಯಿತು.

"ಬಿದ್ದವರ ಹೆಸರೇನ್ರಿ?" ಎಂದರು ಅವರು.

ನೇತ್ರಾಳ ಪೇಚು ನೋಡಿ! ಮದುವೆಯಾಗಿ ಇಪ್ಪತ್ತಾರು ವರ್ಷ, ಒಮ್ಮೆಯೂ ಗಂಡನ ಹೆಸರನ್ನು ನೇರ ಹೇಳಿದವಳಲ್ಲ. "ನೀವರೆ ಹೇಳ್ರೆವ್ವಾ" ಎಂದು ರೇಣವ್ವನ ಕಡೆ ನೋಡಿದಳು.

"ನಾ ಹ್ಯಾಂಗ ಹೇಳಲೆವ್ವಾ? ನಮ್ಮ ಮಾವನ ಹೆಸರೂ ಅದ ಐತೆಲ್ಲ!"

"ಲಗೂ ಹೇಳ್ರಿ!" ಎಂದಿತು ಫೋನು.

ಉಳಿದ ಹೆಂಗಸರಿಗೆ ನಾನು ಬರೀ 'ಗುಮಾಸ್ತರು', ಹೆಸರು ಗೊತ್ತಿಲ್ಲ. ದಾರಿ ಒಂದೇ ಉಳಿದಿತ್ತು. ಮದುವೆಯಲ್ಲಿ ಹೊಸ್ತಿಲು ತುಳಿಯುವಾಗ ಗಂಡನ ಹೆಸರು ಸೇರಿಸಿ ಹೇಳುತ್ತಾರಲ್ಲ, ಆ ಒಡಪು. ನೇತ್ರಾ ನೆಲಕ್ಕೆ ಬೋರಲು ಮಲಗಿ, ಗಂಡನಿಗೂ ಕೇಳಲೆಂದು ಹಗೇವಿನ ಬಾಯೊಳಗೆ ಮುಖ ಇಟ್ಟು, ಕಿವಿಗೆ ಫೋನು ಹಿಡಿದು, ಅಳುತ್ತಲೇ ರಾಗ ಎತ್ತಿದಳು:

"ಎರಿ ಹೊಲದಾಗ ಬಿಳಿಜ್ವಾಳ, ತೆನಿ ತುಂಬ ಹಾಲ,
ಹಗೇವಿನಾಗ ಕುಂತಾರ ನಮ್ಮವರು, ಹೊತಗೊಂಡು ಕೌದಿ ಶಾಲ,
ಮ್ಯಾಲೆತ್ತಿ ಕೊಡ್ರೆಪ್ಪಾ, ಹಿಡೀತೀನಿ ನಿಮ್ಮ ಕಾಲ,
ಮೈಲಾರಪ್ಪನವರ ಹೆಸರ ಹೇಳತೀನಿ, ಹಗ್ಗ ತರ್ರಿ ಮೊದಲ!"

ಅಗ್ನಿಶಾಮಕದವರು ಹೊರಡುವ ಮೊದಲೇ ನಮ್ಮ ಓಣಿಯ ಚಮನಬಿ ತಮ್ಮ ಮನೆಯ ಬಾವಿಹಗ್ಗ ತಂದು ಎಸೆದರು. ಅದು ನೇರ ನನ್ನ ನೆತ್ತಿಗೆ ಬಿತ್ತು. ಕಣ್ಣು ತೆರೆದರೆ ಮೇಲೆ ಬೆಳಕಿನ ದುಂಡಗಿನ ತೂತು, ಅದರ ಸುತ್ತ ಹದಿನಾಲ್ಕು ಮುಖ! ಒಂಬತ್ತು ಹೆಂಗಸರು ಸೇರಿ ನನ್ನನ್ನು ಜೋಳದ ಚೀಲದಂತೆ ಜಗ್ಗಿ ಹೊರಗೆ ಹಾಕಿದರು. ಅಗ್ನಿಶಾಮಕದವರಿಗೆ "ಬರಬ್ಯಾಡ್ರಿ, ಸಿಕ್ಕಾರ" ಎಂದು ತಿಳಿಸಿದ್ದಾಯಿತು.

"ಹಾಡು ಅಂತ ಗೊತ್ತಾಗಲಿಲ್ಲೇನು ನಿನಗ?" ಎಂದು ಮಣ್ಣು ಕೊಡವಿದೆ.

ನೇತ್ರಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇಪ್ಪತ್ತಾರು ವರ್ಷ ಆತು, ಇನ್ನೂ ಗೊತ್ತಾಗವಲ್ದು."

ಗಡಿಯಾರ ನೋಡಿದೆ. ಐದಕ್ಕೆ ನಾಲ್ಕು ನಿಮಿಷ! ಹಿಂದೆಮುಂದೆ ನೋಡದೆ ಇಡೀ ರೆಕಾರ್ಡಿಂಗನ್ನು ಅಕ್ಬರಸಾಬರಿಗೆ ಕಳಿಸಿಬಿಟ್ಟೆ. ಕಳಿಸಿದ ಮೇಲೆ ಕೇಳಲು ಕುಳಿತೆ.

ಅಯ್ಯೋ ದೇವರೇ! ಹಗೇವಿನಲ್ಲಿ ಗಂಧರ್ವನಂತೆ ಕೇಳಿದ್ದ ಧ್ವನಿ ಫೋನಿನಲ್ಲಿ ಹಲ್ಲುನೋವಿನವನದಾಗಿತ್ತು. ರೇಣವ್ವನ ತಪ್ಪೇನೂ ಇರಲಿಲ್ಲ. ನಾನಾದರೂ ಹಗ್ಗ ತರಿಸುತ್ತಿದ್ದೆ. ಅಷ್ಟರಲ್ಲಿ, ನನ್ನ ಗೋಳಾಟದ ಮೇಲಿನಿಂದ, ಆ ಒಡಪು ಇಳಿದುಬಂತು. ಭೂಮಿಯೇ ಬಾಯಿ ತೆರೆದು ಹಾಡಿದಂತೆ, ಒಂದೊಂದು ಸಾಲೂ ಗೋಡೆಗೋಡೆ ಮುಟ್ಟಿ ಮರಳಿತು. ಕೊನೆಗೆ ಬಂತು ನನ್ನ ಹೆಸರು. ಕಡತದ ಮೇಲೆ ಸಾವಿರ ಸಲ ನಾನೇ ಬರೆದ ಆ ಹೆಸರು ಇಷ್ಟು ಚಂದ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ! ಮೈಮೇಲೆ ಮತ್ತೆ ಮುಳ್ಳೆದ್ದವು. ಈ ಸಲ ಖರೇ ಮುಳ್ಳು. ನೇತ್ರಾಳನ್ನು ನೋಡಿದೆ. ಅವಳು ಸೊಪ್ಪು ಸೋಸುತ್ತಿದ್ದಳು.

ಫೋನು ಬಡಿದುಕೊಂಡಿತು. ಅಕ್ಬರಸಾಬರು!

"ಸರ, ಪೂರಾ ಕೇಳಿದ್ವಿರಿ. ಮೈ ಝುಮ್ಮಂತು!"

"ಎರಡನೇ ಚರಣದಾಗಲ್ರಿ?"

"ಚರಣ ಬಿಡ್ರಿ. ಅಕ್ಕಾರ ಒಡಪು! ಮದುವಿ ಕಾರ್ಯಕ್ರಮಕ್ಕ ಇಂಥವರನ್ನ ಹುಡುಕಿ ಹುಡುಕಿ ಸಾಕಾಗಿತ್ತು. ಅವರನ್ನ ಕರಕೊಂಡು ಬರ್ರಿ."

"ಮತ್ತ ನಾನು?" ನನ್ನ ಧ್ವನಿ ಹಗೇವಿಗಿಂತ ಕೆಳಗಿಳಿದಿತ್ತು.

"ನೀವು ಬರಾಕ ಬೇಕ್ರಿ! ನಿಮ್ಮ ಹೆಸರಿಲ್ಲದ ಒಡಪು ಮುಗೀತದೇನ್ರಿ? ಹೆಸರು ಬಂದಾಗ ಎದ್ದು ನಿಂದರ್ರಿ, ಬಣ್ಣದ ದೀಪ ನಿಮ್ಮ ಮ್ಯಾಲ ಬಿಡಸ್ತೀನಿ. ಕೈ ಮುಗೀರಿ, ಕುಂದರ್ರಿ. ಬಾಯಿ ಮಾತ್ರ ತಗೀಬ್ಯಾಡ್ರಿ."

ಸುದ್ದಿ ಹೇಳಿದೆ. ನೇತ್ರಾ ಸೊಪ್ಪಿನಿಂದ ತಲೆ ಎತ್ತದೆ ಕೇಳಿದಳು:

"ಸ್ಟೇಜ್ ಏರಾಕ ಮಲ್ಲೇಶಪ್ಪನ ನಿಚ್ಚಣಿಕಿ ತರಲೇನ್ರಿ?"