ತಣ್ಣಗಾದ ತಿಗಣೆಗಳು

ಅರಕಲಗೂಡಿನಲ್ಲಿ ಯಾರನ್ನು ಕೇಳಿದರೂ ವಿಜ್ಞಾನದ ಮೇಷ್ಟ್ರು ಎಂದರೆ ಪಂಚಾಕ್ಷರಯ್ಯ, ಅಂದರೆ ನಾನು. (ನನ್ನ ಮನೆಯಲ್ಲಿ ಮಾತ್ರ ಕೇಳಬೇಡಿ.) ಇಂಥ ನನಗೆ ಬುದ್ಧಿ ಕಲಿಸಿದ್ದು ತಿಗಣೆ.

ನಮ್ಮಪ್ಪ ಬಿಟ್ಟುಹೋದ ಆಸ್ತಿ ಒಂದು ಬೀಟೆ ಮರದ ಮಂಚ. ಅದರ ಸಂದುಗಳಲ್ಲಿ ತಿಗಣೆ ಮಹಾಸಂಸ್ಥಾನ. ಹಿಂದಿನ ವರ್ಷ ಊರಿಗೆಲ್ಲ ಡಿಡಿಟಿ ಹೊಡೆದಾಗ ಸೊಳ್ಳೆ ಸತ್ತವು, ಇವು ಇನ್ನಷ್ಟು ಮೈಕೈ ತುಂಬಿಕೊಂಡವು. ನನ್ನ ಹೆಂಡತಿ ಪಾರ್ವತಮ್ಮ ಸಂದಿಗೆ ಕುದಿಯುವ ನೀರು ಹುಯ್ಯುತ್ತೇನೆ ಎಂದು ಹತ್ತು ವರ್ಷದಿಂದ ಕೆಟಲ್ಲು ಹಿಡಿದು ನಿಂತಿದ್ದಳು. ಪಾಲಿಶ್ ಹೋಗುತ್ತದೆ ಎಂದು ಹತ್ತು ವರ್ಷದಿಂದ ನಾನು ಅಡ್ಡ ನಿಂತಿದ್ದೆ.

ಈ ಸಲ ಮಾತ್ರ ಹೆದರಿಕೆಯಾಯಿತು. ಹೆತ್ತ ನಾಲ್ಕರಲ್ಲಿ ನಮಗೆ ಉಳಿದವಳು ಸರ್ವಮಂಗಳ ಒಬ್ಬಳೇ. ಅವಳನ್ನು ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರದವರ ಮನೆಗೆ ಕೊಟ್ಟಿದ್ದೆವು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಕರೆತಂದು ಬಿಟ್ಟ ಬೀಗಿತಿ ಬಸವಲಿಂಗಮ್ಮನವರು ಆ ಮಂಚದ ಮೇಲೆ ಒಂದೇ ಒಂದು ರಾತ್ರಿ ಮಲಗಿದ್ದರು. ಬೆಳಿಗ್ಗೆ ತೋಳು ಚಾಚಿ ತೋರಿಸಿದರು.

"ನನ್ ರಕ್ತ ಕುಡುದ್ರೆ ಕುಡೀಲಿ ಬೀಗ್ರೆ. ಎಳೇ ಮಗೀನ ಮೈಮ್ಯಾಲೆ ಒಂದ್ ದದ್ದು ಕಂಡ್ರೂ ಬಾಣಂತೀನೂ ಮಗೀನೂ ಅವತ್ತೇ ಕರ್ಕಂಡು ಓಯ್ತೀನಿ."

ಪಾರ್ವತಮ್ಮ ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಮೂರು ಕೂಸುಗಳನ್ನು ಮಣ್ಣು ಮಾಡಿದ ಕೈಯಲ್ಲಿ ಮೊಮ್ಮಗುವಿಗೆ ನೀರು ಹಾಕಬೇಕೆಂಬುದೊಂದೇ ಅವಳಿಗಿದ್ದ ಆಸೆ. ಆರು ಕುಲಾವಿ ಹೊಲಿದಿಟ್ಟಿದ್ದಳು.

ಆಗಲೇ ನನಗೆ ದಿವ್ಯಜ್ಞಾನೋದಯವಾದದ್ದು. ಹಿಮ ಬೀಳುವ ದೇಶಗಳಲ್ಲಿ ಹಾಸಿಗೆಯನ್ನು ಹೊರಗಿಟ್ಟರೆ ತಿಗಣೆ ಸಾಯುತ್ತವೆ ಎಂದು ಯಾವುದೋ ಮಾಸಪತ್ರಿಕೆಯಲ್ಲಿ ಓದಿದ್ದೆ. ನಮ್ಮ ಮಾಗಿ ಚಳಿಯೇನು ಸಾಮಾನ್ಯವೇ? ಸ್ಕೂಲಿನ ಜವಾನ ಗಂಗಯ್ಯನನ್ನು ಕರೆದು ಮಂಚವನ್ನು ಹಿತ್ತಲಿಗೆ ಹೊರಿಸಿದೆ. ಎಂಟು ರಾತ್ರಿ ಅದು ಇಬ್ಬನಿಯಲ್ಲಿ ನೆನೆಯಿತು. ನಾವು ನೆಲದ ಮೇಲೆ ಚಾಪೆ ಹಾಸಿಕೊಂಡು ನಡುಗಿದೆವು.

ಒಂಬತ್ತನೆಯ ದಿನ ಮುಂಜಾನೆ ಮಂಚದ ಕಾಲು ಕುಟ್ಟಿದೆ. ತಿಗಣೆಗಳು ಉದುರಿದವು. ಕಡ್ಡಿಯಿಂದ ಚುಚ್ಚಿದರೂ ಮಿಸುಕಲಿಲ್ಲ. ನನಗೆ ಕುಣಿಯುವಷ್ಟು ಸಂತೋಷವಾಯಿತು.

"ನೋಡೇ, ಎಲ್ಲ ತಣ್ಣಗಾಗಿಬಿಟ್ಟಿವೆ!" ಎಂದೆ.

ಪಾರ್ವತಮ್ಮ ಬಗ್ಗಿ ನೋಡಿದಳು. "ತಣ್ಣಗಾಗವೆ ಸರಿ. ಸತ್ತವಾ? ಮೈ ಮರಗಟ್ಟಿ ಬಿದ್ದಿರಬೌದು. ಎದಕ್ಕೂ ಒಂದ್ ಕೆಟಲ್ ಬಿಸ್ನೀರು ಉಯ್ದುಬುಡ್ತೀನಿ, ತಡೀರಿ."

ಹೆಂಗಸರಿಗೆ ವಿಜ್ಞಾನ ತಿಳಿಯುವುದಿಲ್ಲ ಎಂದು ಅವಳ ಕೈಯಿಂದ ಕೆಟಲ್ಲು ಕಿತ್ತುಕೊಂಡೆ. (ಈ ವಾಕ್ಯವನ್ನು ಎರಡು ಸಲ ಬರೆದು ಹೊಡೆದುಹಾಕಿದ್ದೇನೆ.) ಬೀಗಿತಿಗೆ ತೋರಿಸಲೆಂದು ಹದಿನೈದು ಹೆಣಗಳನ್ನು ಬೆಂಕಿಪೊಟ್ಟಣಕ್ಕೆ ತುಂಬಿದೆ.

ಅಷ್ಟು ಹೊತ್ತಿಗೆ ಮಂಗಳ ಆಸ್ಪತ್ರೆಯಲ್ಲಿ ಹೆತ್ತು ಮೂರು ದಿನವಾಗಿತ್ತು. ಹೆಣ್ಣು ಮಗು, ಅಂಗೈಯಗಲ ಮುಖ. ಅವತ್ತೇ ಮನೆಗೆ ಬಂದರು. ಮಂಚ ಬಾಣಂತಿ ಕೋಣೆ ಸೇರಿತು, ಬೆಂಕಿಪೊಟ್ಟಣ ಅಲ್ಲಿಯ ಗೂಡು ಸೇರಿತು. ಬಾಣಂತಿ ಕೋಣೆಯೆಂದ ಮೇಲೆ ಕೇಳಬೇಕೆ? ಕಿಟಕಿಗೆ ಗೋಣಿ ಬಿಗಿದು, ಬಾಗಿಲು ಮುಚ್ಚಿ, ಮಂಚದ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟು ಸಾಂಬ್ರಾಣಿ ಹಾಕಿದರು. ಒಳಗೆ ಹೋದವನಿಗೆ ಬೆವರು ಕಿತ್ತುಬರುತ್ತಿತ್ತು. ಚಳಿ ತಿಂದ ಜೀವಗಳಿಗೆ ಇದಕ್ಕಿಂತ ಒಳ್ಳೆಯ ಉಪಚಾರ ಇನ್ನೆಲ್ಲಿ ಸಿಕ್ಕೀತು? ಆದರೆ ಇದು ನನಗೆ ಹೊಳೆದದ್ದು ಆಮೇಲೆ.

ಮಧ್ಯಾಹ್ನ ಬಸವಲಿಂಗಮ್ಮನವರು ಗೊತ್ತಿನವರ ಕಾರಿನಲ್ಲಿ ಬಂದಿಳಿದರು. ಮಗು ನೋಡಿ ಅವರ ಮುಖ ಅರಳಿತು. ನಾನು ಗೂಡಿನಿಂದ ಪೊಟ್ಟಣ ತಂದು, ಗಂಟಲು ಸರಿಮಾಡಿಕೊಂಡು, ಶೀತಪ್ರಯೋಗದ ಕುರಿತು ಸಣ್ಣ ಉಪನ್ಯಾಸ ಮಾಡಿ, ಮುಚ್ಚಳ ತಳ್ಳಿದೆ.

ಪೊಟ್ಟಣ ಖಾಲಿ.

"ಎಣಗೊಳೆಲ್ಲಿ ಬೀಗ್ರೆ?" ಎಂದರು ಬಸವಲಿಂಗಮ್ಮನವರು.

ಆಗಲೇ ಒಳಗೆ ಮಗು ಕಿರುಚಿತು. ಬಟ್ಟೆ ಬಿಚ್ಚಿ ನೋಡಿದರೆ ಬೆನ್ನ ಮೇಲೆ ಸಾಲಾಗಿ ಏಳು ದದ್ದು. ಎಂಟು ದಿನದ ಉಪವಾಸ ಮುರಿದಿದ್ದವು. ಮೂರು ದಿನದ ಕೂಸಿನ ರಕ್ತ ಕುಲಾವಿಯ ಅಂಚಿನಲ್ಲಿ ಚುಕ್ಕೆಯಾಗಿ ಅಂಟಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಬೀಗಿತಿ ತಾವೇ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡರು. ಹೇಳಿದ್ದಂತೆ ಅದೇ ಕಾರಿನಲ್ಲಿ ತಾಯಿ ಮಗುವನ್ನು ಕೂರಿಸಿಕೊಂಡರು. ಮಂಗಳ ಅಳುತ್ತಾ ಹತ್ತಿದಳು. ಪಾರ್ವತಮ್ಮ ಮಗಳ ಅತ್ತೆಯ ಮನೆಯಲ್ಲಿ, ಅವರ ಅಡುಗೆಮನೆಯಲ್ಲಿ, ಅವರು ಹೇಳಿದಂತೆ ಬಾಣಂತನ ಮಾಡಲು ಹಿಂದಿನ ಸೀಟಿನಲ್ಲಿ ಮುದುಡಿ ಕೂತಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆ ಸಂಜೆಯೇ ಒಬ್ಬನೇ ಒಲೆ ಹಚ್ಚಿ, ಮೂರು ಕೆಟಲ್ಲು ನೀರು ಕುದಿಸಿ ಸಂದುಸಂದಿಗೂ ಹುಯ್ದೆ. ಅರ್ಧ ಗಂಟೆಯಲ್ಲಿ ಮಹಾಸಂಸ್ಥಾನ ನಿರ್ನಾಮ. ಪಾಲಿಶ್ ಹಾಗೇ ಇತ್ತು.

ತಿಗಣೆ ಸತ್ತವು, ಬನ್ನಿ ಎಂದು ಮೂರು ಕಾಗದ ಬರೆದೆ. ಉತ್ತರವಿಲ್ಲ. ಎರಡು ತಿಂಗಳಾಯಿತು. ಒಂದೂ ತಿಗಣೆಯಿಲ್ಲದ ಮಂಚದ ಮೇಲೆ ನನಗೆ ನಿದ್ದೆ ಹತ್ತುತ್ತಿಲ್ಲ. ಗೂಟದಲ್ಲಿ ಮರೆತುಹೋದ ಒಂದು ಕುಲಾವಿ ನೇತಾಡುತ್ತಿದೆ.

ನಿನ್ನೆ ಗಂಗಯ್ಯ ಸಮಾಧಾನ ಹೇಳಿದ. "ಯೋಚ್ನೆ ಮಾಡ್ಬ್ಯಾಡಿ ಸಾ. ಇಷ್ಟೊತ್ಗೆ ಅಮ್ಮಾವ್ರ ಕ್ವಾಪ ತಣ್ಣಗಾಗಿರ್ತದೆ."

ತಣ್ಣಗಾಗಿರಬಹುದು. ನನಗೆ ಅದೇ ಭಯ.