ಕಿಟಕಿ ಪಕ್ಕದ ಸೀಟು

ಫುಟ್‌ಬಾಲ್ ಮ್ಯಾಚಿಗೆ ಹೋಗುತ್ತೇನೆ, ಎಲ್ಲರಿಗಿಂತ ಜೋರಾಗಿ ಕೂಗುತ್ತೇನೆ, ನಮ್ಮವರ ಸೀಟನ್ನು ಗೆದ್ದುಕೊಂಡೇ ಬರುತ್ತೇನೆ ಎಂದು ನಾನು ಶಪಥ ಮಾಡಿದ್ದು ಒಲೆಯ ಮುಂದೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಸೌಟು. ಯುದ್ಧಕ್ಕೆ ಹೊರಡುವ ರಾಣಿಯರು ಕತ್ತಿ ಹಿಡಿಯುತ್ತಾರಂತೆ. ನನ್ನ ಕೈಗೆ ಸಿಕ್ಕಿದ್ದು ಇಷ್ಟೇ.

ಫೋನ್ ಮಾಡಿದ್ದವನು ಪೇಂಟರ್. ನಮ್ಮವರ ಗೆಳೆಯ. ಗೋಡೆಗೆ ಬಣ್ಣ ಹೊಡೆಯುವುದು ಅವನ ಕಸುಬು, ಬೆಂಬಲಿಗರ ಬಸ್ಸಿನ ಯಜಮಾನಿಕೆ ಅವನ ಹುಚ್ಚು. ನಮ್ಮ ತಂಡ ಬೇರೆ ಊರಿಗೆ ಆಡಲು ಹೋದಾಗಲೆಲ್ಲ ಹಿಂದೆಯೇ ಒಂದು ಹಳೇ ಬಸ್ಸು ಹೋಗುತ್ತದೆ. ಮೂವತ್ತು ವರ್ಷ ನಮ್ಮವರು ಅದರಲ್ಲಿ ಹೋದರು. ಎಡಗಡೆ, ಮೂರನೇ ಸಾಲು, ಕಿಟಕಿ ಪಕ್ಕ. ಅದು ಅವರ ಸೀಟು. ಬೇರೆ ಯಾರೂ ಕೂರುವ ಹಾಗಿಲ್ಲ.

ಆ ಬಸ್ಸಿನಲ್ಲಿ ಒಂದು ಪದ್ಧತಿ ಇದೆ. ಯಾರಾದರೂ ತೀರಿಕೊಂಡರೆ ಅವರ ಮಫ್ಲರನ್ನು ಸೀಟಿಗೆ ಕಟ್ಟಿ ಖಾಲಿ ಬಿಡುತ್ತಾರೆ. ಆ ವರ್ಷದ ಪಂದ್ಯಗಳು ಮುಗಿಯುವುದರೊಳಗೆ ಅವರ ಮನೆಯವರು ಯಾರಾದರೂ ಬಂದು, ಆ ಮಫ್ಲರ್ ಹಾಕಿಕೊಂಡು, ಒಂದು ಪಂದ್ಯ ಪೂರ್ತಿ ತಂಡಕ್ಕಾಗಿ ಕೂಗಬೇಕು. ಕೂಗಿದರೆ ಸೀಟು ಆ ಮನೆಗೇ. ಇಲ್ಲದಿದ್ದರೆ ಬೇರೆಯವರಿಗೆ.

"ಅತ್ತಿಗೆ, ಬರೋ ಭಾನುವಾರದ್ದೇ ಕೊನೇದು," ಎಂದ ಪೇಂಟರ್. ಧ್ವನಿ ತಗ್ಗಿಸಿದ್ದ. "ನಿಮ್ಮನ್ನ ಕೇಳದೆ ಕೊಡಬಾರದಲ್ಲ ಅಂತ ಫೋನ್ ಮಾಡ್ದೆ. ವಾಚ್ ರಿಪೇರಿಯವನು ಕೇಳ್ತಾ ಇದಾನೆ."

ವಾಚ್ ರಿಪೇರಿಯವನು! ನಮ್ಮವರ ಗಡಿಯಾರ ಅವನ ಅಂಗಡಿಯಲ್ಲಿ ಓಡುತ್ತಿತ್ತು, ನಮ್ಮ ಮನೆಗೆ ಬಂದ ಕೂಡಲೇ ನಿಲ್ಲುತ್ತಿತ್ತು. ಅಂಥವನು ನಮ್ಮವರ ಸೀಟಿನಲ್ಲಿ ಕಾಲು ಚಾಚಿ ಕೂರುವುದೇ?

ಮನೆಯಲ್ಲಿ ಅವರ ಜಾಗಗಳು ಒಂದೊಂದಾಗಿ ಹೋಗಿದ್ದವು. ಮಂಚದ ಅವರ ಕಡೆ ಮಗಳ ಹೊಲಿಗೆ ಬಟ್ಟೆ ಬಂದು ಬಿದ್ದಿತ್ತು. ಚಪ್ಪಲಿ ಬಿಡುತ್ತಿದ್ದ ಮೂಲೆಗೆ ಕೊಡೆ ಬಂದಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ. ಜಾಗ ಖಾಲಿ ಇದ್ದರೆ ಏನಾದರೂ ಬಂದು ಕೂರುತ್ತದೆ. ಉಳಿದಿದ್ದು ಇದೊಂದು ಸೀಟು.

"ನಾನೇ ಬರ್ತೀನಿ," ಎಂದೆ.

"ನೀವಾ?"

"ಯಾಕೆ, ಸೀಟು ನನ್ನ ಭಾರ ತಡ್ಕೊಳಲ್ವಾ?"

ಮಗಳು ಹೊಲಿಗೆ ಮೆಷಿನ್ ನಿಲ್ಲಿಸಿ ನನ್ನನ್ನೇ ನೋಡಿದಳು. "ಅಮ್ಮ, ನಿಂಗೆ ಆಟ ಗೊತ್ತಾ?"

"ಇಪ್ಪತ್ತೆರಡು ಜನ, ಒಂದು ಚೆಂಡು. ಇದ್ರಲ್ಲಿ ಗೊತ್ತಾಗೋದೇನಿದೆ?"

ಆ ಆಟದ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಇವರು ಬೇರೆ ಊರಿನ ಮ್ಯಾಚಿಗೆ ಹೋಗಿ ಬಂದರೆ ಗಂಟಲು ಪೂರ್ತಿ ಹೋಗಿರುತ್ತಿತ್ತು. ಒಂದು ಮಾತು ಹೊರಡುತ್ತಿರಲಿಲ್ಲ. ನಾನು ನೀರು ಕಾಯಿಸಿ, ಉಪ್ಪು ಹಾಕಿ, ಮುಂದೆ ಕುಕ್ಕಿ, ಪ್ರತಿಸಲವೂ ಅದೇ ಮಾತು ಹೇಳುತ್ತಿದ್ದೆ. "ಅಷ್ಟು ದೂರ ಹೋಗಿ ಗಂಟಲು ಹರ್ಕೊಂಡು ಬರಬೇಕಾ? ಅವರೇನು ನಿಮಗೆ ನೆಂಟರಾ?" ಅವರು ಕೈ ಆಡಿಸುತ್ತಿದ್ದರು. ಉತ್ತರ ಕೊಡಲು ಧ್ವನಿ ಇಲ್ಲ. ಜಗಳ ಆಡುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಬೇರೆ ಸಿಗುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಬಸ್ ಹತ್ತಿದೆ. ಎಲ್ಲರೂ ಕೆಂಪು ಅಂಗಿ. ಮೂರನೇ ಸಾಲಿನ ಸೀಟಿಗೆ ಕೆಂಪು ಮಫ್ಲರ್ ಕಟ್ಟಿತ್ತು. ನಾನೇ ಹೆಣೆದದ್ದು. ತಂಡದ ಚಿಹ್ನೆ ಗಿಹ್ನೆ ಏನೂ ಇಲ್ಲ, ಬರೀ ಕೆಂಪು ಉಣ್ಣೆ. ಬಿಚ್ಚಿ ಕುತ್ತಿಗೆಗೆ ಸುತ್ತಿಕೊಂಡೆ. ಅವರ ತಲೆ ಎಣ್ಣೆಯ ವಾಸನೆ ಇನ್ನೂ ಇತ್ತು. ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಹಿಂದಿನ ಸಾಲಿನಿಂದ ವಾಚ್ ರಿಪೇರಿಯವನು ನನ್ನನ್ನೇ ನೋಡುತ್ತಿದ್ದ. ಅವನ ಸೀಟು ಎಲ್ಲಕ್ಕಿಂತ ಕೊನೆಗೆ, ಚಕ್ರದ ಮೇಲೆ. ಒಂದೊಂದು ಹಳ್ಳಕ್ಕೂ ಅವನು ಒಂದು ಗೇಣು ಮೇಲೆ ಹಾರುತ್ತಿದ್ದ. ಎಷ್ಟೋ ವರ್ಷದಿಂದ ಹಾರುತ್ತಿದ್ದಾನಂತೆ. ಹಾರಲಿ.

ಆ ಬಸ್ಸಿನವರ ನಡವಳಿಕೆ ಯಾಕೋ ಸರಿ ಕಾಣಲಿಲ್ಲ. ನಾನು ಕಿಟಕಿ ಮುಚ್ಚಲು ಕೈ ಹಾಕಿದರೆ ಡ್ರೈವರ್ ಮುಂದಿನಿಂದಲೇ, "ಅದನ್ನ ಮುಚ್ರಪ್ಪಾ, ಅಕ್ಕಂಗೆ ಗಾಳಿ ಆಗಲ್ಲ, ಕಿವಿ ನೋಯುತ್ತೆ," ಎಂದ. ನಾನು ಬೇಯಿಸಿದ ಮೊಟ್ಟೆ ಹಂಚಿದರೆ ಪಕ್ಕದ ಸಾಲಿನ ಟೈಲರ್ ಜೇಬಿನಿಂದ ಉಪ್ಪಿನ ಪೊಟ್ಟಣ ತೆಗೆದ. ನಾನು ಉಪ್ಪು ಮರೆಯುತ್ತೇನೆ ಎಂದು ಈ ಮನುಷ್ಯನಿಗೆ ಹೇಳಿದವರು ಯಾರು? ಕೇಳಬೇಕು ಎಂದುಕೊಳ್ಳುವಷ್ಟರಲ್ಲಿ ಮೈದಾನ ಬಂತು.

ಇಳಿದವಳೇ ಹೆಂಗಸರ ಶೌಚಾಲಯ ಎಲ್ಲಿ ಎಂದು ಕೇಳಿದೆ. ಅದು ಮೈದಾನದ ಆ ತುದಿಗೆ. ಪೇಂಟರ್ ಜೊತೆಗೆ ಬಂದು ಹೊರಗೆ ಕಾಯುತ್ತೇನೆ ಎಂದ. ಅಂಥ ಜಾಗದ ಮುಂದೆ ಗಂಡಸನ್ನು ಕಾಯಿಸಿ ನಿಲ್ಲಿಸುವ ಹೆಂಗಸು ನಾನಲ್ಲ.

"ನೀವು ನಡೀರಿ. ಕೆಂಪು ಬಣ್ಣ ನೋಡ್ಕೊಂಡು ಬರ್ತೀನಿ."

ಕೆಂಪು ನನಗೆ ಗೊತ್ತಿಲ್ಲವೇ? ಮೂವತ್ತು ವರ್ಷ ಆ ಕೆಂಪು ಜೆರ್ಸಿ ಒಗೆದವಳು ನಾನು. ಅದು ಬಣ್ಣ ಬಿಟ್ಟು ದಿಂಬಿನ ಕವರುಗಳೆಲ್ಲ ಗುಲಾಬಿ. ಅವರ ಬನಿಯನ್ನುಗಳೆಲ್ಲ ಗುಲಾಬಿ. ಮಗಳು ಒಂದು ವರ್ಷ ಗುಲಾಬಿ ಸಮವಸ್ತ್ರ ಹಾಕಿಕೊಂಡು ಶಾಲೆಗೆ ಹೋಗಿ ಬೈಸಿಕೊಂಡಳು. ನಮ್ಮ ತಂಡದ ಬಣ್ಣ ಯಾವುದೆಂದು ಹೇಳುವ ಅಧಿಕಾರ ಈ ಭೂಮಿಯ ಮೇಲೆ ಒಬ್ಬರಿಗೆ ಇದ್ದರೆ ಅದು ನನಗೆ!

ಶೌಚಾಲಯದಿಂದ ಹೊರಗೆ ಬಂದರೆ ಕೆಂಪೋ ಕೆಂಪು. ಗೇಟಿನವನು ನನ್ನ ಮಫ್ಲರ್ ನೋಡಿ ಒಳಗೆ ಬಿಟ್ಟ. ನಮ್ಮ ತಂಡಕ್ಕೆ ಇಷ್ಟೊಂದು ಜನ ಇದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಗೋಲ್ ಕಂಬದ ಹಿಂದೆಯೇ ಜಾಗ ಸಿಕ್ಕಿತು. ಪಕ್ಕದಲ್ಲಿ ದಪ್ಪನೆಯ ಒಬ್ಬ ಹೆಂಗಸು, ಫ್ಲಾಸ್ಕ್ ಹಿಡಿದು ಕೂತಿದ್ದಳು. ನಮ್ಮ ಬಸ್ಸಿನವರು ಕಾಣಲಿಲ್ಲ. ಮೈದಾನಕ್ಕೆ ಕೆಂಪು ಅಂಗಿಯವರು ಓಡಿ ಬಂದರು, ಬಿಳಿ ಅಂಗಿಯವರೂ ಬಂದರು. ನಾನು ಎದ್ದು ನಿಂತು ಕೆಲಸ ಶುರು ಮಾಡಿದೆ.

ಏನು ಕೂಗಿದೆ ಎಂದರೆ, ಮನೆಯಲ್ಲಿ ಕೂಗುವುದನ್ನೇ. ಎಲ್ಲಿ ನೋಡ್ತಾ ಇದೀಯ, ಕಾಲು ಎತ್ತಿ ನಡಿ, ಕೊಟ್ಟದ್ದನ್ನ ಸರಿಯಾಗಿ ಹಿಡಿ, ಬಿದ್ದಿದ್ದು ಸಾಕು ಏಳು. ನೋಡಿದರೆ ಎಲ್ಲವೂ ಫುಟ್‌ಬಾಲಿಗೆ ಹೊಂದುತ್ತಿತ್ತು. ಕೆಂಪಿನವನು ಒಂದು ಗೋಲು ಹೊಡೆದ. ಫ್ಲಾಸ್ಕಿನವಳು ನನ್ನನ್ನು ಅಪ್ಪಿಕೊಂಡು ನೆಲದಿಂದ ಎತ್ತಿಬಿಟ್ಟಳು. ನಮ್ಮವರು ಹೋದ ಮೇಲೆ ನನ್ನನ್ನು ಯಾರೂ ಅಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ. ಎಲ್ಲರೂ ಮೆತ್ತಗೆ ಮುಟ್ಟುತ್ತಾರೆ, ಗಾಜು ಮುಟ್ಟಿದ ಹಾಗೆ. ಇವಳು ಮೂಟೆ ಎತ್ತಿದ ಹಾಗೆ ಎತ್ತಿದಳು. ಚೆನ್ನಾಗಿತ್ತು. ಆಮೇಲೆ ಟೀ ಕೊಟ್ಟಳು.

ಬಿಳಿಯವರೂ ಒಂದು ಗೋಲು ಹೊಡೆದರು. ದರಿದ್ರದವರು ಎಂದು ನಾವಿಬ್ಬರೂ ಸೇರಿ ಬೈದೆವು.

ಅರ್ಧ ಆಟ ಮುಗಿದು ಕಡೆ ಬದಲಾದಾಗ ನಮ್ಮ ಬಸ್ಸಿನವರು ಕಂಡರು. ದೂರದ ಮೂಲೆಯಲ್ಲಿ, ತಂತಿ ಬೇಲಿಯ ಆಚೆ, ಕುರಿ ಕೂಡಿದ ಹಾಗೆ ಕೂಡಿ ಹಾಕಿದ್ದರು. ಪಾಪ, ಬೇಗ ಹೋಗಿಯೂ ಕೆಟ್ಟ ಜಾಗ ಸಿಕ್ಕಿದೆ ಎಂದುಕೊಂಡೆ. ಪೇಂಟರ್ ಎರಡೂ ಕೈ ಎತ್ತಿ ಬೀಸಿದ. ನಾನೂ ಬೀಸಿದೆ. ಅವನು ಬೇಲಿ ಹತ್ತಿ ಬೀಸಿದ. ನನ್ನ ಕೂಗು ಅಲ್ಲಿಯವರೆಗೂ ಕೇಳಿಸುತ್ತಿದೆ, ಮೆಚ್ಚಿಕೊಂಡಿದ್ದಾನೆ ಎಂದು ಇನ್ನೂ ಜೋರು ಮಾಡಿದೆ. ವಾಚ್ ರಿಪೇರಿಯವನು ಬೀಸಲಿಲ್ಲ. ಕೈ ಕಟ್ಟಿ ನಿಂತಿದ್ದ. ಹೊಟ್ಟೆಕಿಚ್ಚು.

ಈಗ ಬಿಳಿ ತಂಡದ ಗೋಲ್‌ಕೀಪರ್ ನಮ್ಮ ಮುಂದೆಯೇ ಬಂದು ನಿಂತ. ಏಣಿಯಂಥ ಮನುಷ್ಯ. ಬಂದ ಚೆಂಡನ್ನೆಲ್ಲ ಹಿಡಿಯುತ್ತಿದ್ದ. ನನಗೆ ಉರಿಯಿತು. ಆಟ ಮುಗಿಯಲು ಬಂತು. ನಮ್ಮ ಕೆಂಪಿನವನೊಬ್ಬ ಚೆಂಡು ತಗೊಂಡು ಓಡಿ ಬರುತ್ತಿದ್ದ. ನಾನು ಕಂಬಿ ಹಿಡಿದು, ಬಗ್ಗಿ, ಮಗಳು ಹಾಲು ಉಕ್ಕಿಸಿದರೆ ಕೂಗುವ ಧ್ವನಿಯಲ್ಲಿ ಕೂಗಿದೆ. "ಏಯ್ ಉದ್ದನೆಯವ್ನೇ, ಇತ್ತ ನೋಡು!"

ಅವನು ನೋಡಿದ. ನೋಡಿ, ಹಾಗೇ ನಿಂತ. ಬಾಯಿ ಸ್ವಲ್ಪ ತೆರೆದಿತ್ತು. ಚೆಂಡು ಅವನ ಪಕ್ಕದಿಂದ ಒಳಗೆ ಹೋಯಿತು.

ಫ್ಲಾಸ್ಕಿನವಳು ನನ್ನನ್ನು ಮತ್ತೆ ಎತ್ತಿದಳು. ಈ ಸಲ ಇಳಿಸಲೇ ಇಲ್ಲ. ಗೆದ್ದೆವು! ಗೆಲ್ಲಿಸಿದವಳು ನಾನು! ಸೀಟು ಏನು ಮಹಾ, ಇಡೀ ಬಸ್ಸು ನನ್ನ ಹೆಸರಿಗೆ ಬರೆದುಕೊಡಬೇಕು ಎಂದುಕೊಂಡು, ಮಫ್ಲರ್ ಸರಿಮಾಡಿಕೊಂಡು, ಬಸ್ಸಿನ ಕಡೆ ನಡೆದೆ.

ಬಸ್ಸಿನಲ್ಲಿ ಸಾವಿನ ಮನೆಯ ಮೌನ. ಆ ಮೌನ ನನಗೆ ಚೆನ್ನಾಗಿ ಗೊತ್ತು.

"ಯಾಕ್ರೋ, ಗೆದ್ದಿದ್ದಕ್ಕೆ ಯಾರಾದ್ರೂ ಹೀಗೆ ಕೂರ್ತಾರಾ?"

ಪೇಂಟರ್ ಎದ್ದ. "ಅತ್ತಿಗೆ, ಈ ಊರಿನವರದ್ದೂ ಕೆಂಪೇ. ಇಬ್ಬರದ್ದೂ ಒಂದೇ ಬಣ್ಣ ಆದ್ರೆ ಬಂದವರು ಬದಲಾಯಿಸಬೇಕು. ಇವತ್ತು ನಮ್ಮವರು ಬಿಳಿ."

ನನಗೆ ಕುಳಿತುಕೊಳ್ಳಬೇಕು ಅನ್ನಿಸಿತು. ಆದರೆ ಆ ಸೀಟಿನಲ್ಲಿ ಕೂರಲು ಮನಸ್ಸು ಬರಲಿಲ್ಲ.

"ಆ ಗೋಲ್‌ಕೀಪರ್?"

"ನಮ್ಮವನೇ. ಅಣ್ಣನಿಗೆ ಹೆಗಲು ಕೊಟ್ಟವರಲ್ಲಿ ಅವನೊಬ್ಬ. ನಿಮ್ಮ ಮನೆ ಬಾಗಿಲು ತಲೆಗೆ ಬಡಿದಿತ್ತಲ್ಲ, ಅವನು."

ಆ ದಿನ ನಾನು ಯಾರ ಮುಖವನ್ನೂ ನೋಡಿರಲಿಲ್ಲ. ಅವನು ನನ್ನದನ್ನು ನೋಡಿದ್ದ.

ವಾಚ್ ರಿಪೇರಿಯವನು ಹಿಂದಿನಿಂದ ನಡೆದು ಬಂದ. ಕೆಟ್ಟದಾಗಿ ಏನೂ ಮಾತಾಡಲಿಲ್ಲ. "ಅಮ್ಮಾ, ಬೇಜಾರು ಮಾಡ್ಕೋಬೇಡಿ. ಆದ್ರೆ ಪದ್ಧತಿ ಅಂದ್ರೆ ಪದ್ಧತಿ. ನಮ್ಮ ತಂಡಕ್ಕೆ ಕೂಗಬೇಕಿತ್ತು. ನೀವು ಕೂಗಿ ಅವರನ್ನ ಗೆಲ್ಲಿಸಿದ್ರಿ."

ತಪ್ಪು ನನ್ನದು ಎಂದು ಗೊತ್ತಾದ ಕೂಡಲೇ ನನಗೆ ಸಿಟ್ಟು ಬರುತ್ತದೆ. ಅದು ನನ್ನ ಸ್ವಭಾವ.

"ಊರು ಬಿಟ್ಟ ಕೂಡಲೇ ಬಟ್ಟೆ ಬದಲಾಯಿಸೋ ತಂಡ ಅದೆಂಥ ತಂಡ? ಮೂವತ್ತು ವರ್ಷ ಒಗೆದಿದೀನಿ, ನಂಗೆ ಯಾರಾದ್ರೂ ಒಂದು ಮಾತು ಹೇಳಿದ್ರಾ? ನಿಮ್ಮ ಅಣ್ಣ ಹೇಳಿದ್ರಾ? ಗಂಟಲು ಕಳ್ಕೊಂಡು ಬಂದು ಮೂಕನ ಹಾಗೆ ಕೂರೋರು, ಅಷ್ಟೇ. ನನ್ನ ಕಿವಿ ನೋವು ನಿಮಗೆಲ್ಲ ಗೊತ್ತು, ನನ್ನ ಮೊಟ್ಟೆ ಉಪ್ಪು ಗೊತ್ತು. ನಿಮ್ಮ ಬಣ್ಣ ನಂಗೆ ಗೊತ್ತಾಗಬಾರದಾ? ನಂದು ನಿಮಗೆ ಹೇಳಿದವರು ಯಾರು?"

ಎಲ್ಲರೂ ಕಿಟಕಿಯಿಂದ ಹೊರಗೆ ನೋಡಿದರು. ಡ್ರೈವರ್ ಕನ್ನಡಿ ತಿರುಗಿಸಿಕೊಂಡ.

"ಅಣ್ಣನೇ," ಎಂದ ಪೇಂಟರ್. "ಅವರು ಮೈದಾನದಲ್ಲಿ ಕೂಗ್ತಾನೇ ಇರಲಿಲ್ಲ ಅತ್ತಿಗೆ. ಉಗುರು ಕಚ್ಕೊಂಡು ಕೂರೋರು."

"ಮತ್ತೆ ಗಂಟಲು?"

"ಅದು ಬಸ್ಸಲ್ಲಿ ಹೋಗಿದ್ದು. ಈ ಇಂಜಿನ್ ಸದ್ದಿನ ಮೇಲೆ ಮಾತಾಡಬೇಕಲ್ಲ. ಹೋಗ್ತಾ ಬರ್ತಾ ನಿಮ್ಮದೇ ಕತೆ."

"ಹೊಗಳೋರಾ?"

ಪೇಂಟರ್ ಟೈಲರನ್ನು ನೋಡಿದ. ಟೈಲರ್ ಉಪ್ಪಿನ ಪೊಟ್ಟಣ ನೋಡಿದ. "ದೂರು," ಎಂದ.

ದೂರು! ನಾನು ಉಪ್ಪುನೀರು ಕಾಯಿಸಿ ಕಾಯಿಸಿ ಕೊಟ್ಟಿದ್ದು ನನ್ನನ್ನೇ ದೂರಿ ದೂರಿ ಕೆಟ್ಟ ಗಂಟಲಿಗೆ! ನಾನು ಆ ಸೀಟಿನಲ್ಲಿ ಧೊಪ್ಪನೆ ಕೂತೆ. ಬಸ್ ಹೊರಟಿತು.

"ಏನೇನು ಹೇಳಿದಾರೆ ಎಲ್ಲ ಹೇಳಿ. ಒಂದೂ ಬಿಡಬೇಡಿ."

ಅವರು ಒಂದೊಂದೇ ಹೇಳಿದರು. ನಮ್ಮವರ ಕೊಡೆಯನ್ನು ನಾನು ಸಿಟಿ ಬಸ್ಸಿನಲ್ಲಿ ಕಳೆದೆ ಎಂದು. ನಾನು ಕಳೆದಿರಲಿಲ್ಲ, ಅವರೇ ಚಪ್ಪಲಿ ಅಂಗಡಿಯಲ್ಲಿ ಮರೆತಿದ್ದರು, ನಾನು ಹೋಗಿ ತಂದೆ. ಅದನ್ನು ಹೇಳಿದೆ. ನಾನು ಗೊರಕೆ ಹೊಡೆಯುತ್ತೇನೆ ಎಂದು. ಅವರ ಗೊರಕೆಗೆ ಪಕ್ಕದ ಮನೆಯವರು ಗೋಡೆ ಬಡಿಯುತ್ತಿದ್ದರು, ಅದನ್ನೂ ಹೇಳಿದೆ. ಇಂಜಿನ್ ಗುಡುಗುತ್ತಿತ್ತು, ಎಲ್ಲವನ್ನೂ ಕಿರುಚಿಯೇ ಹೇಳಬೇಕು. ಮುಂದಿನವರು ಹಿಂದೆ ತಿರುಗಿದರು. ಹಿಂದಿನವರು ಎದ್ದು ಮುಂದೆ ಬಂದರು. ಮೊದಲು ನಕ್ಕವನು ವಾಚ್ ರಿಪೇರಿಯವನು. ನನ್ನ ಪಕ್ಕದ ನಡುದಾರಿಯಲ್ಲಿ ನೆಲಕ್ಕೇ ಕೂತುಬಿಟ್ಟಿದ್ದ.

"ಇಷ್ಟು ದಿನ ಅರ್ಧ ಕತೆನೇ ಕೇಳಿದ್ವಲ್ರೋ," ಎಂದ ಕಣ್ಣು ಒರೆಸಿಕೊಂಡು. "ಈ ಅಮ್ಮ ಇಲ್ಲೇ ಕೂರಲಿ. ಮುಂದಿನ ಸಲ ಎದುರಿನವರ ಗೋಲ್‌ಕೀಪರ್ ಹಿಂದೆ ಕೂರಿಸಿ ಒಂದು ಸಲ ಕೂಗಿಸಿ, ಸಾಕು."

ಯಾರೂ ಬೇಡ ಅನ್ನಲಿಲ್ಲ. ಸೀಟು ಉಳಿಯಿತು. ನಾನು ಮಾತು ನಿಲ್ಲಿಸಲಿಲ್ಲ. ಮನೆಯಲ್ಲಿ ಅವರ ಹೆಸರು ಎತ್ತಿದರೆ ಎಲ್ಲರೂ ಮಾತು ಬದಲಾಯಿಸುತ್ತಾರೆ. ಇಲ್ಲಿ ಇನ್ನೂ ಹೇಳಿ ಎನ್ನುತ್ತಿದ್ದರು. ಊರು ಬರುವವರೆಗೂ ನಮ್ಮವರನ್ನು ಬಾಯಿ ತುಂಬಾ ದೂರಿದೆ.

ಮನೆಗೆ ಬಂದಾಗ ಮಗಳು ಬಾಗಿಲಲ್ಲೇ ಕಾಯುತ್ತಿದ್ದಳು. ಏನಾಯ್ತು, ಸೀಟು ಸಿಕ್ತಾ ಎಂದು ಕೇಳಿದಳು. ಬಾಯಿ ತೆರೆದೆ. ಗಾಳಿ ಮಾತ್ರ ಬಂತು.

ಅವಳು ಒಳಗೆ ಹೋದಳು. ನೀರು ಕಾಯಿಸಿ, ಉಪ್ಪು ಹಾಕಿ, ಲೋಟ ತಂದು ನನ್ನ ಮುಂದೆ ಕುಕ್ಕಿದಳು.

"ಅಷ್ಟು ದೂರ ಹೋಗಿ ಗಂಟಲು ಹರ್ಕೊಂಡು ಬರಬೇಕಾ? ಅವರೇನು ನಿಂಗೆ ನೆಂಟರಾ?"

ಹೇಳುವುದು ಬೇಕಾದಷ್ಟಿತ್ತು. ನಾನು ಕೈ ಆಡಿಸಿದೆ.