ಎಂಜಿನ್ನಿಲ್ಲದ ವಿಮಾನದ ಮೇಷ್ಟ್ರು

ಇನ್ನೊಬ್ಬರಿಗೆ ಹುರುಪು ತುಂಬುವಷ್ಟು ಸುಲಭದ ಕೆಲಸ ಬೇರೊಂದಿಲ್ಲವೆಂದು ನಾನು ಬಹಳ ಕಾಲ ನಂಬಿದ್ದೆ. ಅದಕ್ಕೆ ಬೇಕಾದದ್ದು ಗಟ್ಟಿ ಗಂಟಲು, ಅದು ನನಗಿತ್ತು. ಐವತ್ತರ ದಶಕದ ಕೊನೆಯಲ್ಲಿ, ಕೋಲಾರದ ಚಿನ್ನದ ಗಣಿಯ ಊರಾದ ಉರಿಗಾಂನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಬೆಂಗಳೂರಿಗೆ ಹೋದಾಗ ಗ್ಲೈಡರ್ ಹಾರುವುದನ್ನು ನೋಡಿ ಬಂದವನೇ ಮಕ್ಕಳಿಗೆ ಅದರ ಹುಚ್ಚು ಹಿಡಿಸಿ, ಕ್ಲಾಸಿನಲ್ಲೇ ಪುಟ್ಟ ಪುಟ್ಟ ಗ್ಲೈಡರು ಮಾಡಿಸತೊಡಗಿದೆ. "ಎಂಜಿನ್ನೇ ಇಲ್ಲ ಕಣ್ರೋ! ಬರೀ ಗಾಳಿ, ಬರೀ ಲೆಕ್ಕ!" ಎಂದು ಮೇಜು ಗುದ್ದುತ್ತಿದ್ದೆ. ದಿನವೂ ಗಣಿಯೊಳಕ್ಕೆ ಇಳಿಯುವವರ ಮಕ್ಕಳು ಸ್ವಲ್ಪ ಮೇಲಕ್ಕೂ ನೋಡಲಿ ಎಂಬುದು ನನ್ನ ಆಸೆ.

ಹೆಡ್‌ಮಾಸ್ಟರಿಗೆ ಇದು ಹಿಡಿಸಲಿಲ್ಲ. "ಶನಿವಾರ ಒಂದನ್ನಾದರೂ ಹಾರಿಸಿ ತೋರಿಸಿ. ಇಲ್ಲದಿದ್ದರೆ ನಿಮ್ಮ ಗಾಳಿಪಟದ ಕ್ಲಾಸು ಬಂದ್" ಎಂದುಬಿಟ್ಟರು.

ಗಣಿಯ ಪುಡಿಮಣ್ಣು ಸುರಿದು ಸುರಿದು ಬೆಳೆದಿದ್ದ ದಿಬ್ಬದ ಮೇಲೆ ಎಲ್ಲರೂ ಸೇರಿದೆವು. ಬಿದಿರುಕಡ್ಡಿಗೆ ತೆಳುಕಾಗದ ಅಂಟಿಸಿದ ನನ್ನ ಗ್ಲೈಡರನ್ನು ಗಂಭೀರವಾಗಿ ಎಸೆದೆ. ಅದು ಮೂತಿ ಮೇಲೆತ್ತಿ ಒಂದು ಕ್ಷಣ ಯೋಚಿಸಿತು. ಆಮೇಲೆ ಹಿಮ್ಮುಖವಾಗಿ ಬಂದು ಹೆಡ್‌ಮಾಸ್ಟರ ಕಾಲ ಬಳಿ ಕುಕ್ಕರಿಸಿತು. ಮತ್ತೆ ಎಸೆದೆ. ಮತ್ತೆ ಅವರ ಕಾಲಿಗೇ ನಮಸ್ಕಾರ.

ಬಂಗಾರಪೇಟೆಯಿಂದ ರೈಲಿನಲ್ಲಿ ಬಂದು ಓದುತ್ತಿದ್ದ ರತ್ನಮ್ಮ ತಡೆಯಲಾರದೆ ಬಾಯಿಬಿಟ್ಟಳು: "ಮೂತಿ ಕಡೆ ಬಾರ ಇರ್ಬೇಕು ಅಂತ ನೀವೇ ಯೋಳ್ಕೊಟ್ಟಿದ್ರಲ್ಲ ಸಾರ್! ಮರ್ತೋದ್ರಾ?"

ಅವಳ ಜೊತೆಗಾರ ಸೆಲ್ವ ತಾವಿಬ್ಬರೂ ಮಾಡಿದ್ದ ಗ್ಲೈಡರನ್ನು ಹೊರತೆಗೆದ. ಎರಡು ರೆಕ್ಕೆಯನ್ನೂ ತೂಗಿ, ಉಜ್ಜಿ, ಮತ್ತೆ ತೂಗಿ ಸಮ ಮಾಡಿದ್ದರು. "ನಮ್ದೂ ಒಂದ್ಸಾರಿ ಬಿಡ್ತೀವಿ ಸಾರ್" ಎಂದ.

ಹೆಡ್‌ಮಾಸ್ಟರು ಆಗಲೇ ದಿಬ್ಬ ಇಳಿಯತೊಡಗಿದ್ದರು. ರತ್ನಮ್ಮ ಓಡಿಬಂದು ಅದನ್ನು ತೂರಿಬಿಟ್ಟಳು. ಗ್ಲೈಡರು ಅವರ ತಲೆಯ ಮೇಲೇ ಹಾದು, ಗಾಳಿಗೆ ಏರಿ, ಸಾವಕಾಶವಾಗಿ ತಿರುಗಿ, ಕಾರ್ಮಿಕರ ಮನೆಗಳತ್ತ ತೇಲಿತು. ಹೆಡ್‌ಮಾಸ್ಟರು ಪಂಚೆ ಎತ್ತಿ ಕಟ್ಟಿ, "ಹಿಡೀರೋ! ಬೇಡ ಬೇಡ, ಬಿಡ್ರೋ, ಹೋಗಲಿ!" ಎಂದು ಕೂಗುತ್ತ ಮಣ್ಣಿನಲ್ಲಿ ಜಾರಿಕೊಂಡೇ ಓಡಿದರು. ನಾವೆಲ್ಲ ಅವರ ಹಿಂದೆ.

ಅದು ಒಂದು ಮನೆಯ ತಗಡಿನ ಮೇಲೆ ಇಳಿದಿತ್ತು. ಒಳಗಿನಿಂದ ಬಂದ ಅಜ್ಜಿ, "ಯಾರ್ದುಲಾ ಇದು, ನಮ್ಮನೆ ಮ್ಯಾಲೆ ಬಂದು ಬಿದ್ದೈತೆ?" ಎಂದು ಗದರಿದಳು.

"ನಮ್ಮದು ಕಣಮ್ಮ, ನಮ್ಮ ಶಾಲೇದು!" ಎಂದರು ಹೆಡ್‌ಮಾಸ್ಟರು, ಏದುಸಿರು ಬಿಡುತ್ತ.

ಕ್ಲಾಸು ಉಳಿಯಿತು. ಆದರೆ ಅಂದಿನಿಂದ ಯಾವುದನ್ನು ಹಾರಿಸಬೇಕೆಂದು ಪರೀಕ್ಷಿಸುವ ಅಧಿಕಾರ ರತ್ನಮ್ಮನ ಕೈಗೆ ಹೋಯಿತು. ನನ್ನದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, "ರೆಕ್ಕೆ ಸೊಟ್ಟ ಐತೆ ಸಾರ್, ಇನ್ನೊಂದ್ಸಾರಿ ಮಾಡ್ಕೊಂಬನ್ನಿ" ಎಂದು ವಾಪಸು ಕೊಡುತ್ತಿದ್ದಳು. ಅಂಥ ಹೊತ್ತಿನಲ್ಲಿ ಮೇಷ್ಟ್ರಾದವನು ಮುಖ ಸಪ್ಪಗೆ ಮಾಡಿಕೊಳ್ಳಬೇಕಾದ್ದು ನ್ಯಾಯ. ಹಾಳಾದ್ದು, ಎಷ್ಟು ಪ್ರಯತ್ನಪಟ್ಟರೂ ನಗುವೇ ಬಂದುಬಿಡುತ್ತಿತ್ತು.